ಮುಂಬೈ-ಪುಣೆ ದಾರಿಯ ಬೋರ್ ಘಾಟಿನಲ್ಲಿ ಗಾಡಿ ಇಳಿಸಲು ಕಲಿಸಿದವರಿಗೆ ಶರಣು

ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯಿಂದ ಬಂದು ನವಿ ಮುಂಬೈಯ ಕಳಂಬೋಲಿಯಲ್ಲಿ ಟ್ರೇಲರ್ ಕಲಿತ ನಮ್ಮ ತಂಡಕ್ಕೆ ಈ ವಾರ ಒಂದು ವರ್ಷ ತುಂಬಿತು. ಯಾರ ಕೈಯಲ್ಲೂ ಅಪಘಾತ ಆಗಿಲ್ಲ. ಹೆಸರು ಹಾಕಬೇಡಿ ಎಂದಿರಿ, ಹಾಕುವುದಿಲ್ಲ. ಆದರೆ ನೀವು ಕಲಿಸಿದ್ದನ್ನು ಬರೆದಿಡುತ್ತೇವೆ. ನಾಳೆ ಊರಿಂದ ಬರುವ ತಮ್ಮಂದಿರಿಗೆ ಬೇಕಾಗುತ್ತದೆ.

ಮೊದಲ ಶರಣು ಆಫೀಸಿನ ಲೆಕ್ಕ ನೋಡುವ ಮುನ್ಶಿ ಕಾಕಾ ಅವರಿಗೆ. ಪಗಾರ ಎಷ್ಟು ಎಂದು ಕೇಳಿ ಸುಮ್ಮನಾಗುತ್ತಿದ್ದವರಿಗೆ ಉಳಿದ ಪ್ರಶ್ನೆಗಳನ್ನೂ ಕಲಿಸಿದವರು ನೀವು. ನ್ಹಾವಾ ಶೇವಾ ಬಂದರಿನಲ್ಲಿ ಕಂಟೇನರ್‌ಗೆ ಕಾಯುವಾಗ ಹಾಲ್ಟಿಂಗ್ ಭತ್ಯೆ ಎಷ್ಟು ತಾಸಿನ ನಂತರ ಶುರು? ಡೀಸೆಲ್ ಆವರೇಜ್ (ಲೀಟರಿಗೆ ಎಷ್ಟು ಕಿಲೋಮೀಟರ್) ಕಟ್ಟುವಾಗ ಲೋಡ್ ಗಾಡಿಗೂ ಖಾಲಿ ಗಾಡಿಗೂ ಒಂದೇ ಲೆಕ್ಕವೋ, ಬೇರೆಯೋ? ಟಯರ್ ಒಡೆದರೆ, ಮಾಲು ಕಡಿಮೆ ಬಿದ್ದರೆ ದುಡ್ಡು ಯಾರ ಪಗಾರದಲ್ಲಿ ಮುರಿಯುತ್ತದೆ? ಓವರ್‌ಲೋಡ್ ದಂಡ 20,000 ರೂಪಾಯಿ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000; ಅದನ್ನು ತುಂಬುವವರು ಯಾರು? ಐದು ಮತ್ತು ಹೆಚ್ಚು ಕೆಲಸಗಾರರಿರುವ ಕಂಪನಿಗೆ 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ (2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು) ಅನ್ವಯಿಸುತ್ತಿತ್ತು, ದಿನಕ್ಕೆ 8 ತಾಸು, ವಾರಕ್ಕೆ 48 ತಾಸು, 5 ತಾಸು ಓಡಿಸಿದ ಮೇಲೆ ಅರ್ಧ ತಾಸು ವಿಶ್ರಾಂತಿ ಎಂಬುದೂ ನಿಮ್ಮಿಂದಲೇ ತಿಳಿದದ್ದು. ಮೂಲ ಲೈಸೆನ್ಸನ್ನು ತಮ್ಮ ಬಳಿ ಇಟ್ಟುಕೊಳ್ಳುವ ಮಾಲಕರ ಬಾಗಿಲಿಂದಲೇ ತಿರುಗಿ ಬನ್ನಿ ಎಂದಿರಿ. ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಚೀಟಿ, ಅಂದರೆ ಈ-ವೇ ಬಿಲ್ಲಿನ ಅವಧಿ 200 ಕಿಲೋಮೀಟರಿಗೆ ಒಂದು ದಿನ. ಗಾಡಿ ಕೆಟ್ಟು ನಿಂತರೆ ಅವಧಿ ಮುಗಿಯುವ 8 ತಾಸು ಮೊದಲಿನಿಂದ 8 ತಾಸು ನಂತರದವರೆಗೆ ಅದನ್ನು ವಿಸ್ತರಿಸಬಹುದು, ಹಾಗಾಗಿ ಆಫೀಸಿಗೆ ಕೂಡಲೇ ಫೋನ್ ಮಾಡಿ ಎಂಬ ನಿಮ್ಮ ಮಾತು ಎಷ್ಟೋ ಸಲ ಕೈ ಹಿಡಿದಿದೆ.

ಡ್ರೈವಿಂಗ್ ಸ್ಕೂಲಿನ ಗುರುಗಳಿಗೆ ನಮಸ್ಕಾರ. ಹೆವಿ ಗಾಡಿಗೆ 20 ವರ್ಷ ತುಂಬಿರಬೇಕು, ಕಾರಿನ ಲೈಸೆನ್ಸ್ ಸಿಕ್ಕು ಒಂದು ವರ್ಷ ಆಗಿರಬೇಕು. ನಿಯಮದ ಪ್ರಕಾರ 30 ದಿನಗಳಲ್ಲಿ ಕನಿಷ್ಠ 15 ತಾಸು ಸ್ಟೇರಿಂಗ್ ಹಿಡಿಸಬೇಕು. ಕಲಿತಿದ್ದಾರೆ ಎಂಬ ಸರ್ಟಿಫಿಕೇಟ್ ಫಾರಂ 5 ಕೊಡುವ ಮುನ್ನ ಅಷ್ಟೂ ತಾಸು ನಿಜವಾಗಿ ಓಡಿಸಿದಿರಿ. ಹಿಂದಕ್ಕೆ ತೆಗೆಯುವಾಗ ಟ್ರೇಲರ್ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ ಎಂಬುದು ತಲೆಗೆ ಹತ್ತಿತಾದರೂ ಕೈಗೆ ಬರಲು ಬಹಳ ದಿನ ಬೇಕಾಯಿತು.

ಇನ್ನು ನಮ್ಮನ್ನು ತಿಂಗಳುಗಟ್ಟಲೆ ಎಡಗಡೆ ಕೂರಿಸಿಕೊಂಡು ಘಾಟ್ ತೋರಿಸಿದ ಡ್ರೈವರಣ್ಣಂದಿರು. ಪುಣೆಯಿಂದ ಬರುವಾಗ ಲೋಣಾವಳಾ ದಾಟಿ ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಬೇಕು, ಇಳಿಜಾರಿನಲ್ಲಿ ಅಲ್ಲ. ಲೋಡ್ ಹೊತ್ತು ಅದೇ ಘಾಟ್ ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ, ಇಲ್ಲವೇ ಅದಕ್ಕಿಂತ ಒಂದು ಕೆಳಗೆ. ಎಕ್ಸಾಸ್ಟ್ ಬ್ರೇಕ್ (ಇಂಜಿನ್ನಿನ ಹೊಗೆ ತಡೆದು ವೇಗ ಇಳಿಸುವ ಬ್ರೇಕ್) ಆನ್, ಎಡ ಲೇನ್. ವೇಗ ಏರಿದಾಗ ಬ್ರೇಕ್ ಒಮ್ಮೆ ಗಟ್ಟಿಯಾಗಿ ಒತ್ತಿ, ವೇಗ ಇಳಿಯುತ್ತಲೇ ಕಾಲು ತೆಗೆಯಬೇಕು. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಬ್ರೇಕಿನ ಲೈನಿಂಗ್ ಕಾದು ಹಿಡಿತ ಹೋಗುತ್ತದೆ. ಪದೇ ಪದೇ ಒತ್ತಿದರೆ ಬ್ರೇಕ್ ನಡೆಸುವ ಹವಾ ಖರ್ಚಾಗುತ್ತದೆ, ಕಂಪ್ರೆಸರ್ ಅಷ್ಟು ಬೇಗ ತುಂಬಲಾರದು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವವರ ಗಾಡಿಯಲ್ಲಿ ಇಂಜಿನ್ನಿನ ಹಿಡಿತವೂ ಇಲ್ಲ, ಎಕ್ಸಾಸ್ಟ್ ಬ್ರೇಕೂ ಇಲ್ಲ. ವೇಗ ಹಿಡಿದ ಮೇಲೆ ಗೇರ್ ಮತ್ತೆ ಬೀಳುವುದೇ ಇಲ್ಲ. ಸುಟ್ಟ ಲೈನಿಂಗಿನ ವಾಸನೆ ಬಂದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಡ್ರಮ್ ಮೇಲೆ ನೀರು ಸುರಿಯಬೇಡಿ, ಸೀಳುತ್ತದೆ ಎಂದದ್ದು ಇನ್ನೂ ಕಿವಿಯಲ್ಲಿದೆ.

ಗ್ಯಾರೇಜಿನ ಮಿಸ್ತ್ರಿಗಳೇ, ಹವಾ ಟ್ಯಾಂಕಿನ ನೀರು ಬಿಡುವುದನ್ನು ನಾವು ಮರೆಯುವುದಿಲ್ಲ. ಮಳೆಗಾಲದ ಮುಂಬೈ ಗಾಳಿಯಲ್ಲಿ ಅದು ದಿನಾ ಸೇರುತ್ತದೆ, ಬಿಡದಿದ್ದರೆ ವಾಲ್ವ್ ಜಂಗು ಹಿಡಿಯುತ್ತದೆ. ಜೋಡಿ ಟಯರ್ ನಡುವಿನ ಕಲ್ಲು, ರಾಡ್‌ನಿಂದ ಬಡಿದಾಗ ಹವಾ ಇಳಿದ ಒಳಟಯರಿನ ಸತ್ತ ಸದ್ದು, ಕಂಟೇನರನ್ನು ಟ್ರೇಲರಿಗೆ ಬಿಗಿಯುವ ಮೂಲೆಯ ಟ್ವಿಸ್ಟ್ ಲಾಕ್ ನಾಲ್ಕೂ ಬಿದ್ದಿದೆಯೇ ಎಂದು ಕೈಯಾರೆ ನೋಡುವುದು, ಎಲ್ಲಾ ನಿಮ್ಮಿಂದ ಬಂದದ್ದು. ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ದ್ರಾವಣ ಮುಗಿದರೆ ಬಿಎಸ್6 (ಹೊಸ ಮಾಲಿನ್ಯ ನಿಯಮದ) ಗಾಡಿ ಶಕ್ತಿ ಕಳೆದುಕೊಳ್ಳುತ್ತದೆ, ನೀರು ಬೆರೆಸಿ ತಪ್ಪಿಸಿಕೊಳ್ಳಬೇಡಿ ಎಂದು ಬೈದದ್ದಕ್ಕೂ ಋಣಿ.

ಖಾನಾವಳಿಯ ಅವ್ವಂದಿರೇ, ರಾತ್ರಿ ಎಷ್ಟು ಹೊತ್ತಿಗೆ ಬಂದರೂ ಜೋಳದ ರೊಟ್ಟಿ, ಪಲ್ಯ ಇಟ್ಟಿರಿ. ಉಂಡ ಕೂಡಲೇ ಹೊರಟವರನ್ನು ತಡೆದು ಮಲಗಿಸಿದಿರಿ. ವಹಿಯಲ್ಲಿ ಬರೆಯದೇ ಬಿಟ್ಟ ಊಟಗಳೆಷ್ಟು ಎಂಬುದು ನಮಗೆ ಗೊತ್ತಿದೆ.