ಪ್ರೊಸೀಜರ್‌ಗೆ ಪ್ಯಾರಾಮೀಟರ್ ಕೊಡುವ ಮುನ್ನ

ಚಿ. ಮೇಘನಾಳಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

8086 ಪ್ರೊಸೆಸರಿಗೆ ಅಸೆಂಬ್ಲಿ ಭಾಷೆಯಲ್ಲಿ ನೀನು ಬರೆದು ಕಳಿಸಿದ ಪ್ರೋಗ್ರಾಮನ್ನು ಸಾಲುಸಾಲಾಗಿ ಓದಿದೆ. ಲೆಕ್ಕದಲ್ಲಿ ಎಲ್ಲಿಯೂ ತಪ್ಪಿಲ್ಲ, ತೊಡಕಿರುವುದು ಬೇರೆ ಕಡೆ. ಮುಖ್ಯ ಪ್ರೋಗ್ರಾಮು ಲೂಪಿನ ಎಣಿಕೆಯನ್ನು ಸಿಎಕ್ಸ್ ರಿಜಿಸ್ಟರಿನಲ್ಲಿ (ಪ್ರೊಸೆಸರಿನ ಒಳಗೇ ಬೆಲೆ ಇಡುವ ಪುಟ್ಟ ಜಾಗ) ಇಟ್ಟುಕೊಂಡಿದೆ. ಅದು ಕರೆಯುವ ಪ್ರೊಸೀಜರ್ (ಒಂದು ಕೆಲಸ ಮಾಡಿ ಹಿಂತಿರುಗುವ ಉಪಪ್ರೋಗ್ರಾಮು) ಕೂಡ ತನ್ನ ಕೆಲಸಕ್ಕೆ ಅದೇ ಸಿಎಕ್ಸನ್ನು ಬಳಸಿ, ಹಳೆಯ ಬೆಲೆಯನ್ನು ಉಳಿಸದೆ ಹಿಂತಿರುಗುತ್ತದೆ. ಹಾಗಾದ ಮೇಲೆ ಲೂಪು ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಯಾವ ಭರವಸೆಯೂ ಇರುವುದಿಲ್ಲ.

ಸಿ ಭಾಷೆಯಲ್ಲಿ ಕರೆಯುವವರಿಗೂ ಕರೆಸಿಕೊಳ್ಳುವವರಿಗೂ ನಡುವಿನ ಕರಾರನ್ನು ಕಂಪೈಲರ್ ತಾನೇ ಪಾಲಿಸುತ್ತದೆ. ಅಸೆಂಬ್ಲಿಯಲ್ಲಿ ಆ ಹೊಣೆ ಪೂರ್ತಿಯಾಗಿ ನಿನ್ನದು, ಏಕೆಂದರೆ ಕಾಲ್ ಎಂಬ ಆದೇಶವು ಹಿಂತಿರುಗಬೇಕಾದ ವಿಳಾಸವನ್ನು ಸ್ಟ್ಯಾಕಿನಲ್ಲಿಟ್ಟು (ಕೊನೆಗೆ ಇಟ್ಟದ್ದು ಮೊದಲು ಹೊರಬರುವ ಮೆಮೊರಿಯ ಭಾಗ) ಜಿಗಿಯುತ್ತದೆಯೇ ಹೊರತು ಪ್ಯಾರಾಮೀಟರುಗಳ, ಅಂದರೆ ಪ್ರೊಸೀಜರಿಗೆ ಕೊಡುವ ಬೆಲೆಗಳ, ಗೊಡವೆಗೆ ಹೋಗುವುದಿಲ್ಲ. ಆದ್ದರಿಂದ ಕೋಡಿಗೆ ಕೈಹಾಕುವ ಮೊದಲೇ, ಪ್ಯಾರಾಮೀಟರುಗಳು ಎಲ್ಲಿ ಬರುತ್ತವೆ, ಫಲಿತಾಂಶ ಎಲ್ಲಿ ಸಿಗುತ್ತದೆ, ಯಾವ ರಿಜಿಸ್ಟರುಗಳು ಕೆಡುತ್ತವೆ, ಸ್ಟ್ಯಾಕನ್ನು ಯಾರು ತೆರವು ಮಾಡುತ್ತಾರೆ ಎಂಬುದನ್ನು ಪ್ರೊಸೀಜರಿನ ತಲೆಯ ಮೇಲೆ ಕಾಮೆಂಟಿನಲ್ಲಿ ಬರೆದಿಡು. ಇದೊಂದನ್ನು ನಾನು ಒತ್ತಿ ಹೇಳುತ್ತೇನೆ.

ಒಂದೆರಡು ಬೆಲೆಗಳಷ್ಟೇ ಇದ್ದರೆ ರಿಜಿಸ್ಟರಿನಲ್ಲಿ ಕಳಿಸುವುದೇ ಸರಿ. ಅದು ವೇಗವೂ ಹೌದು, ಸರಳವೂ ಹೌದು. ಅರೇ (ಸಾಲಾಗಿ ಇಟ್ಟ ಬೆಲೆಗಳು) ಇದ್ದಾಗ ಅದರ ಆರಂಭದ ವಿಳಾಸವನ್ನು ಎಸ್‌ಐ ರಿಜಿಸ್ಟರಿನಲ್ಲಿಯೂ ಉದ್ದವನ್ನು ಸಿಎಕ್ಸ್‌ನಲ್ಲಿಯೂ ಕೊಟ್ಟರೆ ಸಾಕು. ಗೊತ್ತಾದ ಮೆಮೊರಿ ವೇರಿಯಬಲ್‌ನಲ್ಲಿ ಇಟ್ಟು ಕಳಿಸುವ ಪದ್ಧತಿಯನ್ನು ಮಾತ್ರ ರೂಢಿ ಮಾಡಿಕೊಳ್ಳಬೇಡ, ಏಕೆಂದರೆ ಪ್ರೊಸೀಜರ್ ತನ್ನನ್ನು ತಾನೇ ಕರೆದ ಕೂಡಲೇ ಹಿಂದಿನ ಬೆಲೆಯ ಮೇಲೆ ಹೊಸದು ಬಂದು ಕೂರುತ್ತದೆ.

ಸ್ಟ್ಯಾಕಿನ ದಾರಿಯನ್ನು ಕಾಗದದ ಮೇಲೆ ಚಿತ್ರ ಬರೆದುಕೊಂಡೇ ಕಲಿ. ಸ್ಟ್ಯಾಕಿನ ತುದಿಯ ವಿಳಾಸವನ್ನು ಹಿಡಿದಿರುವ ಎಸ್‌ಪಿ ರಿಜಿಸ್ಟರಿನಲ್ಲಿ ಹೆಕ್ಸ್ (16ರ ಆಧಾರದ ಸಂಖ್ಯೆ) 0108 ಇದೆ ಎಂದುಕೊ. ಎಎಕ್ಸ್ ರಿಜಿಸ್ಟರನ್ನು ಪುಶ್ ಮಾಡಿದರೆ, ಅಂದರೆ ಅದರ ಬೆಲೆಯನ್ನು ಸ್ಟ್ಯಾಕಿಗೆ ಹಾಕಿದರೆ, ಎಸ್‌ಪಿ 0106ಕ್ಕೆ ಇಳಿಯುತ್ತದೆ, ಬಿಎಕ್ಸನ್ನು ಪುಶ್ ಮಾಡಿದರೆ 0104ಕ್ಕೆ, ನಿಯರ್ ಕಾಲ್ (ಅದೇ ಕೋಡ್ ಸೆಗ್ಮೆಂಟಿನ, ಅಂದರೆ ಮೆಮೊರಿಯ ಅದೇ ಭಾಗದ, ಒಳಗಿನ ಕರೆ) ಆದಾಗ ಹಿಂತಿರುಗುವ ವಿಳಾಸಕ್ಕೆಂದು 0102ಕ್ಕೆ. ಪ್ರೊಸೀಜರಿನ ಒಳಗೆ ಮೊದಲ ಕೆಲಸವಾಗಿ ಬಿಪಿ ಎಂಬ ಇನ್ನೊಂದು ರಿಜಿಸ್ಟರಿನ ಹಳೆಯ ಬೆಲೆಯನ್ನು ಪುಶ್ ಮಾಡಿದಾಗ ಎಸ್‌ಪಿ 0100 ಆಗುತ್ತದೆ, ಆ ಬೆಲೆಯನ್ನೇ ಬಿಪಿಗೆ ಕೊಡುತ್ತೀಯೆ. ಈಗ ಬಿಪಿಗೆ 4 ಕೂಡಿಸಿದ ಜಾಗದಲ್ಲಿ ಬಿಎಕ್ಸ್‌ನ ಬೆಲೆಯೂ, 6 ಕೂಡಿಸಿದ ಜಾಗದಲ್ಲಿ ಎಎಕ್ಸ್‌ನ ಬೆಲೆಯೂ ಸಿಗುತ್ತದೆ. 8086ರಲ್ಲಿ ಎಸ್‌ಪಿಯನ್ನೇ ಆಧಾರವಾಗಿಟ್ಟು ಮೆಮೊರಿಯನ್ನು ಓದಲು ಬರುವುದಿಲ್ಲವಾದ್ದರಿಂದಲೇ ಬಿಪಿ ಬೇಕಾಗುತ್ತದೆ. ಪ್ರೊಸೀಜರ್ ಫಾರ್ (ಬೇರೆ ಕೋಡ್ ಸೆಗ್ಮೆಂಟಿನದು) ಆಗಿದ್ದರೆ ಕಾಲ್ ಆದೇಶ ಕೋಡ್ ಸೆಗ್ಮೆಂಟನ್ನು ತೋರಿಸುವ ಸಿಎಸ್ಸನ್ನೂ ಸ್ಟ್ಯಾಕಿಗೆ ಹಾಕುತ್ತದೆ, ಆಗ ನಿನ್ನ 4 ಮತ್ತು 6 ಎಂಬವು 6 ಮತ್ತು 8 ಆಗಬೇಕು.

ಸ್ಟ್ಯಾಕಿನಲ್ಲಿ ಬೆಲೆಯ ಬದಲು ವಿಳಾಸವನ್ನು ಕಳಿಸಿದ್ದರೆ, ಅಲ್ಲಿಂದ ಓದಿದ್ದನ್ನೇ ಕೂಡಲು ಹೋಗಬೇಡ. ಮೊದಲು ಅದನ್ನು ಬಿಎಕ್ಸ್‌ಗೆ ತೆಗೆದುಕೊಂಡು, ಅದು ತೋರಿಸುವ ಜಾಗದಿಂದ ನಿಜವಾದ ಬೆಲೆಯನ್ನು ಎತ್ತಿಕೊ.

ಹೊರಡುವಾಗ ಬಿಪಿಯನ್ನು ಪಾಪ್ ಮಾಡಿ (ಸ್ಟ್ಯಾಕಿನಿಂದ ಮರಳಿ ತೆಗೆದುಕೊಂಡು), ಹಿಂತಿರುಗುವ ಆದೇಶವಾದ ರೆಟ್ ಜೊತೆಗೆ 4 ಎಂದು ಬರೆದರೆ ಎರಡು ಪ್ಯಾರಾಮೀಟರುಗಳ 4 ಬೈಟುಗಳೂ ತೆರವಾಗಿ ಎಸ್‌ಪಿ ಮತ್ತೆ 0108ಕ್ಕೆ ಬರುತ್ತದೆ. ಆದರೆ ಸಿ ಪ್ರೋಗ್ರಾಮಿನಿಂದ ಕರೆಸಿಕೊಳ್ಳುವ ಪ್ರೊಸೀಜರಿಗೆ ಇದು ಸಲ್ಲದು. ಅಲ್ಲಿನ ವಾಡಿಕೆಯಂತೆ ಬಲಗಡೆಯ ಪ್ಯಾರಾಮೀಟರಿನಿಂದ ಪುಶ್ ಆರಂಭವಾಗುತ್ತದೆ, ತೆರವು ಮಾಡುವುದು ಕರೆದವರ ಕೆಲಸ. ಪ್ರಿಂಟ್‌ಎಫ್‌ನಂಥ ಫಂಕ್ಷನ್ನಿಗೆ ಎಷ್ಟು ಪ್ಯಾರಾಮೀಟರುಗಳನ್ನು ಕೊಟ್ಟಿದ್ದೇವೆಂಬುದು ಕರೆದವರಿಗಷ್ಟೇ ಖಚಿತವಾಗಿ ಗೊತ್ತಿರುತ್ತದೆಯಲ್ಲವೇ?

ಮುಂದೆ 64 ಬಿಟ್‌ಗೆ ಹೋದಾಗ ಕರಾರು ಬದಲಾಗುತ್ತದೆ: ಲಿನಕ್ಸ್‌ನಲ್ಲಿ ಮೊದಲ 6 ಪೂರ್ಣಾಂಕಗಳು ರಿಜಿಸ್ಟರಿನಲ್ಲೇ ಹೋಗುತ್ತವೆ, ವಿಂಡೋಸ್‌ನಲ್ಲಿ 4 ಮಾತ್ರ. ಅದನ್ನು ಆಗ ನೋಡಿಕೊಂಡರಾಯಿತು.

ಈಗ ಸಿಎಕ್ಸನ್ನು ಪ್ರೊಸೀಜರಿನ ಆರಂಭದಲ್ಲಿ, ಬಿಪಿಯನ್ನು ಹೊಂದಿಸಿದ ನಂತರ, ಪುಶ್ ಮಾಡಿ ಕೊನೆಯಲ್ಲಿ ಬಿಪಿಗಿಂತ ಮೊದಲು ಪಾಪ್ ಮಾಡು. ಆಮೇಲೆ ಡಿಬಗ್ಗರಿನಲ್ಲಿ ಒಂದೊಂದೇ ಹೆಜ್ಜೆ ನಡೆಸಿ, ಮೊದಲ ಪುಶ್‌ಗೆ ಮುಂಚೆ ಮತ್ತು ರೆಟ್ ಆದ ಮೇಲೆ ಎಸ್‌ಪಿಯ ಬೆಲೆಯನ್ನು ಬರೆದುಕೊಂಡು ನನಗೆ ಕಳಿಸು.

ಇಂತಿ ನಿನ್ನ ಹಿತೈಷಿ,
ಸೋದರಮಾವ