ಕಬ್ಬಿನ ಗಾಡಿಯ ತೂಕದ ಚೀಟಿಯೇ ಸಾಕ್ಷಿಯಾಗಲಿ

ಮಾನ್ಯರೆ,

ಪ್ರಾಣಿಹಿಂಸೆ ತಡೆ ಕಾಯ್ದೆಯ ಮಾತು ಬಂದಾಗಲೆಲ್ಲ ಚರ್ಚೆ ದಂಡದ ಮೊತ್ತಕ್ಕೇ ಸೀಮಿತವಾಗುತ್ತದೆ. 1960ರ ಈ ಕಾಯ್ದೆಯಡಿ ಮೊದಲ ಅಪರಾಧಕ್ಕಿರುವ 10ರಿಂದ 50 ರೂಪಾಯಿ ದಂಡ ದಶಕಗಳಿಂದ ಬದಲಾಗಿಲ್ಲ. ಅದನ್ನು ಹೆಚ್ಚಿಸಬೇಕೆಂದು ಸುಪ್ರೀಂ ಕೋರ್ಟ್ 2014ರ ಜಲ್ಲಿಕಟ್ಟು ತೀರ್ಪಿನಲ್ಲೇ ಹೇಳಿದೆ. ಆದರೆ ಅದಕ್ಕಿಂತ ದೊಡ್ಡ ತೊಡಕೆಂದರೆ, ಅತಿಭಾರ ಹೇರುವುದು, ಹೊಡೆಯುವುದು, ಗಾಯಗೊಂಡ ಪ್ರಾಣಿಯನ್ನು ದುಡಿಸುವುದು ಇವೆಲ್ಲ ಈ ಕಾಯ್ದೆಯಡಿ ಅಸಂಜ್ಞೇಯ ಅಪರಾಧಗಳು. ಅಂದರೆ, ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ಜೊತೆಗೆ, ಕೃತ್ಯ ನಡೆದು ಮೂರು ತಿಂಗಳು ಕಳೆದರೆ ಮೊಕದ್ದಮೆಯನ್ನೇ ಹೂಡುವಂತಿಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಹಸುಗಳ ಕೆಚ್ಚಲು ಕೊಯ್ದಾಗ ಆರೋಪಿಯನ್ನು ಬೇಗನೆ ಬಂಧಿಸಲು ಸಾಧ್ಯವಾಯಿತು. ಏಕೆಂದರೆ ಪ್ರಾಣಿಯನ್ನು ಕೊಲ್ಲುವುದನ್ನು, ಊನಗೊಳಿಸುವುದನ್ನು ಐದು ವರ್ಷದವರೆಗೆ ಸೆರೆವಾಸವಿರುವ ಸಂಜ್ಞೇಯ ಅಪರಾಧವಾಗಿಸಿರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಅಲ್ಲಿ ಅನ್ವಯವಾಗಿತ್ತು. ದಿನವೂ ನೊಗ ಹೊತ್ತು ಸವೆಯುವ ಎತ್ತಿಗೆ ಆ ಆಸರೆ ಸುಲಭಕ್ಕೆ ಒದಗುವುದಿಲ್ಲ.

ಮಂಡ್ಯ ಜಿಲ್ಲೆಯಲ್ಲಿ ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆಗಳತ್ತ ಸಾಗುವ ಎತ್ತಿನ ಗಾಡಿಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹೆಗಲ ಮೇಲೆ ಕೀವು ತುಂಬಿದ ಬಾವು, ಏರುದಾರಿಯಲ್ಲಿ ಮಂಡಿಯೂರುವ ಎತ್ತು, ಬಾಲ ತಿರುಚಿ ಎಬ್ಬಿಸುವ ಕೈ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ತಾಪಮಾನ 37 ಡಿಗ್ರಿ ಮೀರುವಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿಗೆ ಕಟ್ಟಬಾರದು ಎಂದು ಇದೇ ಕಾಯ್ದೆಯಡಿ ರೂಪಿಸಿದ 1965ರ ನಿಯಮಗಳು ಹೇಳುತ್ತವೆ. ಇವನ್ನು ಜಾರಿಗೊಳಿಸಬೇಕಾದ ಠಾಣೆಗಳಲ್ಲಿ ಎಷ್ಟು ಮಂದಿ ಓದಿದ್ದಾರೋ! ಗಾಡಿಯವನೊಬ್ಬನನ್ನೇ ದೂರಿ ಫಲವೂ ಇಲ್ಲ. ಟನ್ ಲೆಕ್ಕದಲ್ಲಿ ಬಾಡಿಗೆ ಪಡೆಯುವವನು ಹೆಚ್ಚು ಹೇರದೆ ಇನ್ನೇನು ಮಾಡಿಯಾನು?

ಅತಿಭಾರದ ಅನುಮಾನ ಬಂದರೆ ಗಾಡಿಯನ್ನು ವೇಬ್ರಿಡ್ಜ್‌ಗೆ ಒಯ್ದು ತೂಗಿಸುವಂತೆ ಸೂಚಿಸುವ ಅಧಿಕಾರವನ್ನು ಅದೇ ನಿಯಮಗಳು ಪೊಲೀಸ್ ಅಧಿಕಾರಿಗಳಿಗೆ ಕೊಟ್ಟಿವೆ. ಸಕ್ಕರೆ ಕಾರ್ಖಾನೆಯ ಬಾಗಿಲಲ್ಲಿ ಪ್ರತಿ ಗಾಡಿಯೂ ಹೇಗೂ ತೂಗಿಸಿಕೊಂಡೇ ಒಳಹೋಗುತ್ತದೆ, ಚೀಟಿಯೂ ಸಿಗುತ್ತದೆ. ಮಿತಿ ಮೀರಿದ ತೂಕದ ಚೀಟಿಗಳನ್ನು ಜಿಲ್ಲಾ ಪ್ರಾಣಿ ದಯಾ ಸಂಘಕ್ಕೆ ಕಾರ್ಖಾನೆಗಳು ವಾರಕ್ಕೊಮ್ಮೆ ಒಪ್ಪಿಸುವಂತೆ ಜಿಲ್ಲಾಧಿಕಾರಿಗಳು ಸೂಚಿಸಿದರೆ ಮೂರು ತಿಂಗಳ ಗಡುವಿನೊಳಗೆ ಪುರಾವೆ ಕೈಗೆ ಬರುತ್ತದೆ, ಹೊಣೆಯೂ ಗಾಡಿಯವನಿಂದಾಚೆಗೆ, ಆ ಕಬ್ಬನ್ನು ಕೊಳ್ಳುವವರವರೆಗೆ ಚಾಚುತ್ತದೆ. ಕಂಬಳಕ್ಕಾಗಿ 2017ರಲ್ಲಿ ಇದೇ ಕಾಯ್ದೆಗೆ ತಿದ್ದುಪಡಿ ತಂದ ರಾಜ್ಯ ಶಾಸನಸಭೆ, ಈ ಅಪರಾಧಗಳನ್ನು ಸಂಜ್ಞೇಯವಾಗಿಸುವ ಇನ್ನೊಂದು ತಿದ್ದುಪಡಿಯನ್ನು ಮುಂದಿನ ಅಧಿವೇಶನದಲ್ಲಿ ಕೈಗೆತ್ತಿಕೊಳ್ಳಬೇಕು.

– ಓರ್ವ ಓದುಗ, ಮದ್ದೂರು