ಚಿತ್ತಾರ ಬರೆಯುವುದಕ್ಕೆ ಕಂಟ್ರಾಕ್ಟರ್ ಲೈಸೆನ್ಸ್ ಯಾಕೆ? ಪೌರಾಯುಕ್ತರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪೌರಾಯುಕ್ತರೇ,

ನಮಸ್ಕಾರ. ನಾನು ನಿಮ್ಮ ಊರಿನವಳೇ, ನಮ್ಮ ದೀವರು ಸಮುದಾಯದವರು ಮನೆಗೋಡೆಗೆ ಬರೆಯುವ ಚಿತ್ತಾರ ಬರೆಯುವವಳು. ಊರಿನ ಹೆಸರು ಇಲ್ಲಿ ಬೇಡ ಬಿಡಿ. ಓದುತ್ತಾ ಹೋದರೆ ನಿಮಗೇ ಗೊತ್ತಾಗುತ್ತದೆ. ಮಲೆನಾಡಿನ ಬೇರೆ ಊರಿನವರಿಗೂ ಇದು ತಮ್ಮೂರಿನ ಕತೆ ಅನ್ನಿಸಿದರೆ ನನ್ನದೇನೂ ತಕರಾರಿಲ್ಲ.

ಕಳೆದ ವರ್ಷ ಸಂತೆ ಮೈದಾನದ ಕಾಂಪೌಂಡಿಗೆ ಬಿಳಿ ಪ್ರೈಮರ್ ಬಳಿಯುತ್ತಿದ್ದರು. ಊರಿನ ಸ್ವಚ್ಛತೆಗೆ ಅಂಕ ಕೊಡುವ ಸ್ವಚ್ಛ ಸರ್ವೇಕ್ಷಣೆಯವರು ಬರುವ ಹೊತ್ತಿಗೆ ಗೋಡೆಗಳಿಗೆ ಕಳೆ ಬರುವುದು ಹೊಸದೇನಲ್ಲ. ಚಹಾದಂಗಡಿಯವನನ್ನು ಕೇಳಿದೆ. "ಚಿತ್ತಾರ ಬರೆಸ್ತಾರಂತೆ, ನಿಮಗೆ ಗೊತ್ತಿಲ್ವಾ?" ಎಂದ. ನನಗೆ ಸುದ್ದಿ ಸಿಕ್ಕಿದ್ದು ಹಾಗೆ.

ಕಚೇರಿಗೆ ಓಡಿದೆ. ಟೆಂಡರ್ ಮುಗಿದು ತಿಂಗಳಾಗಿತ್ತು. ಚರಂಡಿಗೆ ಸ್ಲ್ಯಾಬ್, ಕಾಂಪೌಂಡ್ ದುರಸ್ತಿ, ಅದರ ಬಾಲಕ್ಕೆ "ಗೋಡೆಗೆ ಬಣ್ಣದ ಚಿತ್ರ". ಮೂರೂ ಸೇರಿ ಒಂದೇ ಕಾಮಗಾರಿ. ಮೊದಲೇ ಗೊತ್ತಾಗಿದ್ದರೂ ಏನು ಮಾಡುತ್ತಿದ್ದೆ? ಗುತ್ತಿಗೆದಾರರ ಲೈಸೆನ್ಸ್, ಜಿಎಸ್‌ಟಿ ನಂಬರ್, ಇಎಂಡಿ ಅಂತ ಮೊದಲೇ ಕಟ್ಟುವ ಠೇವಣಿ, ಮೂರು ವರ್ಷದ ವಹಿವಾಟು, ಡಿಜಿಟಲ್ ಸಹಿ ಎಲ್ಲ ಕೇಳಿದ್ದರು. ನನ್ನ ಹತ್ತಿರ ಇರುವುದು ಪುಂಡಿನಾರಿನ ಕುಂಚ. ಗುಮಾಸ್ತರು ಒಳ್ಳೆಯವರೇ, ಕುರ್ಚಿ ಕೊಟ್ಟು ಕೂರಿಸಿದರು. ಆದರೆ ಕೇಳಿದ್ದು ಒಂದೇ ಮಾತು: "ಚದರಡಿಗೆ ಎಷ್ಟು ತಗೋತೀರಿ?"

ಏನಂತ ಹೇಳಲಿ? ಅಕ್ಕಿ ನೆನೆಸಿ ಅರೆದರೆ ಬಿಳಿ. ಅದೇ ಅಕ್ಕಿಯನ್ನು ಕಪ್ಪಾಗುವಷ್ಟು ಹುರಿದರೆ ಕಪ್ಪು. ಗುರಿಗೆ ಕಾಯಿಂದ ಹಳದಿ. ಗೋಡೆಗೆ ಕೆಮ್ಮಣ್ಣು. ಅದರ ಮೇಲೆ ಎಳೆ ಎಳೆಯಬೇಕು, ದಾರದಷ್ಟು ಸಣ್ಣಗೆ. ಎಳೆ ಚೂರು ಸೊಟ್ಟಗಾದರೆ ಅಮ್ಮ ಹಿಂದಿನಿಂದ ಮೊಣಕೈಗೆ ತಟ್ಟುತ್ತಿದ್ದಳು. ಒಂದು ಮೊಳಕ್ಕೆ ಇಡೀ ಮಧ್ಯಾಹ್ನ ಹೋಗಿದ್ದೂ ಉಂಟು.

ಗುತ್ತಿಗೆದಾರರ ಕಡೆಯ ಹುಡುಗರು ಮೊಬೈಲ್ ನೋಡಿಕೊಂಡು, ಎನಾಮಲ್ ಬಣ್ಣದಲ್ಲಿ ಮೂರೇ ದಿನಕ್ಕೆ ಮುಗಿಸಿದರು. ಅವರನ್ನು ಬೈಯುವುದಿಲ್ಲ, ಕೂಲಿಗೆ ಬಂದವರು. ಆದರೆ ಕಾಂಪೌಂಡಿನ ಕೊನೆಗೆ ಸಾರ್ವಜನಿಕ ಶೌಚಾಲಯ ಇದೆಯಲ್ಲ, ಅದರ ಗೋಡೆ ಮೇಲೆ ಬರೆದದ್ದು ಹಸೆಗೋಡೆ ಚಿತ್ತಾರ. ನಮ್ಮ ದೀವರ ಮನೆಗಳಲ್ಲಿ ಮದುವೆಗೆಂದು ಬರೆಯುವುದು. ಗಂಡು ಹೆಣ್ಣು ಹಸೆಗೆ ಕೂರುವುದು ಅದರ ಮುಂದೆ. ಈಗ ಅದರ ಮುಂದೆ ಜನ ಚಿಲ್ಲರೆ ಹಿಡಿದು ಕ್ಯೂ ನಿಲ್ಲುತ್ತಾರೆ. ಊರಿನ ಯಾವ ಅಜ್ಜಿಯನ್ನು ಕೇಳಿದ್ದರೂ ಬೇಡ ಅನ್ನುತ್ತಿದ್ದಳು. ಕೇಳುವವರು ಬೇಕಿತ್ತು, ಅಷ್ಟೆ.

ಕೆಲಸ ಇಲ್ಲ ಅಂತಲ್ಲ ಸರ್. ಪಾರ್ಕಿನ ಗೋಡೆ, ರಾಜ್ಯೋತ್ಸವದ ವೇದಿಕೆ, ಅಂಗನವಾಡಿ, ಎಲ್ಲದಕ್ಕೂ ದುಡ್ಡು ಖರ್ಚಾಗುತ್ತಲೇ ಇದೆ. ಅದು ಕಾಮಗಾರಿ ಹೆಸರಲ್ಲಿ ಬರುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯ ಬೇಕೆಂದರೆ ಸರ್ಕಾರದ ಸೇವಾಸಿಂಧು ಪೋರ್ಟಲಿನಲ್ಲಿ ಅರ್ಜಿ ಹಾಕಿ ಅಂತ ಸೈಬರ್ ಸೆಂಟರಿನ ಹುಡುಗನೂ ಹೇಳುತ್ತಾನೆ. ನಗರಸಭೆಯ ಗೋಡೆಗೆ ಅರ್ಜಿ ಎಲ್ಲಿ ಹಾಕಬೇಕು ಅಂದರೆ ಅವನೂ ತಲೆ ಕೆರೆದುಕೊಳ್ಳುತ್ತಾನೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ಜನ ಕೇಳುವ ಮೊದಲೇ ಬಜೆಟ್ಟು, ಖರ್ಚು ಹೇಳಿಬಿಡಿ ಅನ್ನುತ್ತದೆ. ನಾವು ಅದನ್ನೇ ಕೇಳಲು ಅರ್ಜಿ ಶುಲ್ಕದ 10 ರೂಪಾಯಿ ಪೋಸ್ಟಲ್ ಆರ್ಡರ್ ಹಿಡಿದು ಸುಮ್ನೆ ಅಲೆಯುತ್ತಿದ್ದೇವೆ.

ನಾನು ಕೇಳುವುದು ಇಷ್ಟು. ಚಿತ್ರದ ಕೆಲಸವನ್ನು ಚರಂಡಿ ಕೆಲಸದಿಂದ ಬಿಡಿಸಿ. 1999ರ ಟೆಂಡರ್ ಕಾಯ್ದೆ ಮುರಿಯಿರಿ ಎನ್ನುತ್ತಿಲ್ಲ. ಆದರೆ ಯಾವ ಕಾಮಗಾರಿಗೆ ಏನೇನು ಸೇರಿಸಬೇಕು ಅಂತ ಅಂದಾಜುಪಟ್ಟಿ ಮಾಡುವವರು ನಿಮ್ಮ ಇಂಜಿನಿಯರುಗಳೇ ಅಲ್ವಾ? ಬೇರೆ ಮಾಡಿದ ಮೇಲೆ ಒಂದು ಹಾಳೆ ಸಾಕು. ಯಾವ ಗೋಡೆ, ಎಷ್ಟು ಉದ್ದ, ಎಷ್ಟು ದುಡ್ಡು, ಕೊನೆ ದಿನ ಯಾವಾಗ. ವಹಿವಾಟಿನ ಬದಲು ಹಿಂದೆ ಬರೆದ ನಾಲ್ಕು ಚಿತ್ತಾರದ ಫೋಟೊ ಕೇಳಿ. ನೋಟಿಸ್ ಬೋರ್ಡಿಗೆ ಹಾಕಿ, ಕಸದ ಗಾಡಿಯಲ್ಲೂ ಕೂಗಿಸಿ. ತಮಾಷೆ ಅಲ್ಲ, ಬೆಳಿಗ್ಗೆ ಆ ಮೈಕು ಕೇಳದ ಮನೆ ನಮ್ಮೂರಲ್ಲಿಲ್ಲ. ಇನ್ನೊಂದು, ಕೊನೆ ದಿನವನ್ನು ಭೂಮಿತಾಯಿಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆ ವಾರದಲ್ಲಿ ಇಡಬೇಡಿ. ಆಗ ನಮ್ಮ ಹೆಂಗಸರೆಲ್ಲ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಾ ಕೂತಿರುತ್ತಾರೆ.

ಬಜೆಟ್ ಪೂರ್ವಭಾವಿ ಸಭೆಗೆ ಬಂದು ಇದನ್ನೇ ಹೇಳುತ್ತೇನೆ. ಅದಕ್ಕೂ ಮುಂಚೆ ಆ ಶೌಚಾಲಯದ ಗೋಡೆಗೊಂದು ದಾರಿ ಮಾಡಿ. ಎನಾಮಲ್ ಮೇಲೆ ಸುಣ್ಣ ನಿಲ್ಲುವುದಿಲ್ಲ, ಮೊದಲು ಕೆರೆದು ತೆಗೆಯಬೇಕು. ಕೆರೆಯಲು ನಾನು, ನನ್ನ ತಂಗಿ ಬರುತ್ತೇವೆ. ಸುಣ್ಣವೂ ನಮ್ಮದೇ. ಅದಕ್ಕೂ ಇಎಂಡಿ ಕಟ್ಟಬೇಕಾ, ಹೇಳಿ ಕಳಿಸಿ.

ಇಂತಿ,
ಸಂತೆ ಮೈದಾನದ ಹಿಂದಿನ ಕೇರಿಯ ಚಿತ್ತಾರಗಿತ್ತಿ